ಆ ಮಾತು ಆಡಿದವರು

ರಾಣೆಬೆನ್ನೂರು
12 ಜೂನ್ 2024

ಶಬನಮ್,

ಫೋನ್ ಮಾಡಬಹುದಿತ್ತು, ಬೇಕೆಂದೇ ಮಾಡಲಿಲ್ಲ. ಫೋನಿನಲ್ಲಿ ನಾವು ನಾಲ್ಕು ಮಾತಾಡುವಷ್ಟರಲ್ಲಿ ಯಾರೋ ನಮ್ಮ ಅಂಗಡಿಗೆ ಬಂದು ಗೋವಿನಜೋಳದ ಬೀಜ ಕೇಳುತ್ತಾರೆ, ಇಲ್ಲವೇ ನಿನ್ನ ಕುಕ್ಕರ್ ಕೂಗುತ್ತದೆ. ಕಾಲೇಜು ಬಿಟ್ಟಾಗಿನಿಂದ ಮುಖ್ಯವಾದದ್ದನ್ನೆಲ್ಲ ಕಾಗದದಲ್ಲಿ ಬರೆದುಕೊಂಡೇ ಬಂದವರು ನಾವು. ಇದೂ ಮುಖ್ಯವಾದದ್ದೇ.

ಮೊನ್ನೆ ಭಾನುವಾರ ಹಾವೇರಿಗೆ ಹೋಗಿದ್ದೆ. ಅಲ್ಲಿ ಶಶಿಕಾಂತ ಅಂತ ಒಬ್ಬ ಫ್ಲೆಕ್ಸ್ ಅಂಗಡಿಯವನಿದ್ದಾನೆ. ತಿಂಗಳಿಗೊಮ್ಮೆ ತನ್ನ ಅಂಗಡಿಯ ಮಹಡಿಯ ಮೇಲೆ ‘ಬಾಯಿಮಾತು’ ಅಂತ ಒಂದು ಸಂಜೆ ನಡೆಸುತ್ತಾನೆ. ನಾನು ಕವಿಗೋಷ್ಠಿ ಇರಬೇಕು, ಶಾಲು ಹೊದಿಸಿ ಕಳಿಸುತ್ತಾರೆ ಅಂದುಕೊಂಡು ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಶಾಲೂ ಇಲ್ಲ, ಮಾಲೆಯೂ ಇಲ್ಲ, ಕೂರಲು ಕುರ್ಚಿಯೂ ಇಲ್ಲ! ಎಲ್ಲರೂ ಜಮಖಾನೆಯ ಮೇಲೆ ಕೂತಿದ್ದರು. ಒಬ್ಬೊಬ್ಬರೇ ಎದ್ದು ನಿಂತು, ತಮ್ಮ ಬದುಕಿನಲ್ಲಿ ಆದದ್ದೊಂದನ್ನು ಹೇಳುತ್ತಾರೆ. ಶಶಿಕಾಂತನ ಕಟ್ಟಳೆ ಇಷ್ಟೇ: “ಕೈಯಾಗ ಕಾಗದ ಇರಬಾರದ್ರಿ. ನಿಮಗ ಆಗಿದ್ದಷ್ಟ ಹೇಳ್ರಿ, ಮಂದೀದು ಬ್ಯಾಡ.”

ಕರ್ಜಗಿಯ ಮೈಲಾರಪ್ಪ ಎಂಬವರು ಹೆಣ್ಣು ನೋಡಲು ಹೋಗಿ ಓಣಿ ತಪ್ಪಿ, ಬೇರೆ ಯಾರದೋ ಮನೆಯಲ್ಲಿ ಚುರುಮುರಿ, ಚಹಾ ಎಲ್ಲ ಮುಗಿಸಿದ ಕಥೆ ಹೇಳಿದರು. ಆ ಮನೆಯವರು ಇವರನ್ನು ಕರೆಂಟಿನ ಬಿಲ್ಲಿನವರು ಅಂದುಕೊಂಡಿದ್ದರಂತೆ. ನಕ್ಕು ನಕ್ಕು ನನ್ನ ಸೀರೆಯ ನೆರಿಗೆ ಸಡಿಲಾಯಿತು. ಆದರೆ ಅವರು ನಡುವೆ ಸುಮ್ಮನಾದಾಗ ಇಡೀ ಮಹಡಿ ಸುಮ್ಮನಾಯಿತು ನೋಡು, ಆಗ ನನಗೆ ಹೊಟ್ಟೆಕಿಚ್ಚಾಯಿತು. ಎರಡು ಸಂಕಲನ ತಂದವಳು ನಾನು. ನನ್ನ ಕಥೆ ಓದುವಾಗ ಓದುವವರ ಮುಖ ಹೇಗಾಗುತ್ತದೆ ಅಂತ ಒಂದು ದಿನವೂ ಕಂಡಿಲ್ಲ. ಮೂರು ವರ್ಷದಿಂದ ಬರೆದೂ ಇಲ್ಲ, ಅದು ನಿನಗೆ ಗೊತ್ತೇ ಇದೆ.

ಮುಂದಿನ ತಿಂಗಳು ನಾನೂ ಹೇಳಲೇ? ಹೇಳುವಾಗ ಕೈಗಳನ್ನು ಏನು ಮಾಡಬೇಕು? ಒಂದು ವಾಕ್ಯ ಕೆಟ್ಟರೆ ಹೊಡೆದುಹಾಕುವುದು ಹೇಗೆ? ಲಗೂ ಬರೆ.

ಸುಧಾ

*

ಬ್ಯಾಡಗಿ
20 ಜೂನ್ 2024

ಸುಧಾ,

ನಿನ್ನ ಕಾಗದ ಶಾಲೆಗೆ ಬಂತು. ಹೆಡ್‌ಮಾಸ್ತರರು ಲಕೋಟೆ ತಿರುಗಿಸಿ ಮುರುಗಿಸಿ ನೋಡಿ, “ಈಗಿನ ಕಾಲದಾಗ ಕಾಗದ ಬರಿಯೋರು ಯಾರ್ರಿ ಮೇಡಂ? ವಕೀಲರ ನೋಟೀಸ ಏನು?” ಅಂದರು. “ವಕೀಲರಲ್ಲ ಸರ್, ಕಥೆಗಾರರು” ಅಂದೆ. ಅವರಿಗೆ ಇನ್ನೂ ಹೆದರಿಕೆಯಾದಂತೆ ಕಂಡಿತು.

ಹೇಳು, ಖಂಡಿತ ಹೇಳು. ಕೈಗಳನ್ನು ಏನಾದರೂ ಮಾಡಿಕೋ, ಸೆರಗು ಹಿಡಿದು ತಿರುವಬೇಡ, ಒಂಬತ್ತನೇ ಕ್ಲಾಸಿನ ಹುಡುಗಿಯರು ಪದ್ಯ ಒಪ್ಪಿಸುವಾಗ ಮಾಡುವುದು ಅದನ್ನೇ. ನನಗೆ ಬೇರೆ ಪ್ರಶ್ನೆಗಳಿವೆ. ಕೇಳುವವರು ಹೂಂಗುಡುತ್ತಾರೋ, ಇಲ್ಲ ಸಭ್ಯರ ಹಾಗೆ ಬಾಯಿ ಮುಚ್ಚಿಕೊಂಡಿರುತ್ತಾರೋ? ನಮ್ಮಜ್ಜಿ ಹೂಂಗುಡದಿದ್ದರೆ ಕಥೆಯನ್ನು ಅರ್ಧಕ್ಕೇ ಬಿಟ್ಟು ಮಲಗಿಬಿಡುತ್ತಿದ್ದಳು. ಹೇಳಿದ್ದು ಖರೇ ಹೌದೋ ಅಲ್ಲವೋ ಅಂತ ನೋಡುವವರು ಯಾರು? ಇನ್ನೊಂದು: ನಿನ್ನ ಕಥೆಗಳಲ್ಲಿ ‘ಅವಳು’ ಅಂತ ಬಂದಲ್ಲೆಲ್ಲ ಅದು ನೀನೇ ಅಂತ ನನಗೆ ಗೊತ್ತು. ಅಲ್ಲಿ ನಿಂತು ‘ನಾನು’ ಅನ್ನಬೇಕಲ್ಲ, ಆಗ ಯಾರ ಹಿಂದೆ ಅಡಗಿಕೊಳ್ಳುತ್ತೀ?

ಮುಸ್ಕಾನ್ ದಿನಾ ಹಾವೇರಿಗೆ ಕಾಲೇಜಿಗೆ ಹೋಗಿಬರುತ್ತಾಳೆ. ಹೆಸರಿಗೆ ಮಗಳು, ಮನೆಯಲ್ಲಿ ಇರುವಷ್ಟು ಹೊತ್ತೂ ಫೋನಿನೊಳಗೇ ಇರುತ್ತಾಳೆ. ಅಮ್ಮಿ ನಿನ್ನನ್ನು ಕೇಳಿದಳು. ಅವಳ ಬಾಯಲ್ಲಿ ಇವತ್ತಿಗೂ ನಿನಗೆ ಹೆಸರಿಲ್ಲ, ‘ಪೇಢೆ ತಂದಾಕಿ’ ಅಷ್ಟೇ.

ಯಾವ ಕಥೆ ಹೇಳಿದೆ ಅಂತ ಬರೆ.

ಶಬನಮ್

*

ರಾಣೆಬೆನ್ನೂರು
16 ಜುಲೈ 2024

ಶಬನಮ್,

ಹೇಳಿದೆ! ಯಾವುದು ಹೇಳಿದೆ ಗೊತ್ತೇ? ನಿಮ್ಮ ಮನೆಯದೇ. ನನ್ನ ಮೊದಲ ಕಥೆ ವಾರಪತ್ರಿಕೆಯಲ್ಲಿ ಬಂದಾಗ ಧಾರವಾಡದಿಂದ ಪೇಢೆ ತೆಗೆದುಕೊಂಡು ನೇರ ನಿಮ್ಮ ಮನೆಗೆ ಬಂದಿದ್ದೆನಲ್ಲ, ಅದು. ಅಮ್ಮಿ ಪೇಢೆಯ ನೆನಪು ತೆಗೆದಿದ್ದೇ ಹೊಳೆಯಿತು.

ಎದ್ದು ನಿಂತೆ. ಮೊದಲ ಎರಡು ವಾಕ್ಯ ಪುಸ್ತಕದ ಭಾಷೆಯಲ್ಲಿ ಬಂದವು, ಜನ ಆಕಳಿಸಿದರು. ಆಮೇಲೆ ಏನಾಯಿತೋ, ನಮ್ಮ ಮಾತಿಗೆ ಇಳಿದೆ. ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

“ನಾ ಬಾಗಲಾಗ ನಿಂತೇನಿ. ಕೈಯಾಗ ಪೇಢೆ ಡಬ್ಬಿ. ಒಳಗ ನೋಡ್ತೀನಿ, ಮನಿ ಮಂದಿಯೆಲ್ಲಾ ಅಳಾಕತ್ತಾರ. ನಮ್ಮ ಗೆಳತಿ ಅಳಾಕತ್ತಾಳ, ಅವರವ್ವ ಅಳಾಕತ್ತಾಳ, ತಮ್ಮ ಅಳಾಕತ್ತಾನ. ಮೂಲ್ಯಾಗ ಕಟ್ಟಿದ್ದ ಆಡು ಸೈತ ಅಳಾಕತ್ತೈತಿ! ಯಾರ ಹೋದ್ರೋ ಏನೋ ಅಂತ ನಾನೂ ಶುರು ಹಚ್ಚಿದೆ. ಈ ಪೇಢೆ ಎಲ್ಲಿ ಮುಚ್ಚಿಡ್ಲಿ? ಅಷ್ಟರಾಗ ಅವರವ್ವ ಎದ್ದು ಬಂದು, ‘ಘಾಟ ಐತೆವಾ, ಮೆಣಸಿನಕಾಯಿ ಘಾಟ, ಬಾ ಒಳಗ’ ಅಂದ್ರು. ನೋಡಿದ್ರ ಅಂಗಳದ ತುಂಬ ಮೆಣಸಿನಕಾಯಿ ರಾಶಿ! ನಾ ಕಣ್ಣ ಒರಿಸಿಕೊಂಡು ಅಂದೆ: ‘ಬ್ಯಾಡಗ್ಯಾಗ ಅಳಾಕ ಕಾರಣ ಬೇಕಾಗಂಗಿಲ್ಲ ಬಿಡ್ರಿ, ಉಸಿರಾಡಿದ್ರ ಸಾಕು!’”

ಶಬನಮ್, ಆ ನಗು! ಅಂಥ ನಗು ನಾನು ಬರೆದ ಯಾವ ವಾಕ್ಯಕ್ಕೂ ಬಂದಿಲ್ಲ, ಬಂದಿದ್ದರೂ ನನಗೆ ಕೇಳಿಲ್ಲ. ಹೂಂ, ಹೂಂಗುಡುತ್ತಾರೆ. ಮುಂದೆ ಕೂತವರೊಬ್ಬರು “ಆಂ, ಮುಂದ?” ಅನ್ನುತ್ತಲೇ ಇದ್ದರು. ಆಡು ಬಾಯಿಗೆ ತಾನಾಗಿ ಬಂತು. ನಿಮ್ಮ ಮನೆಯಲ್ಲಿ ಆಡು ಇತ್ತೇ? ಹೆದರಬೇಡ, ನಿನ್ನ ಹೆಸರಾಗಲಿ ಮನೆಯ ಗುರುತಾಗಲಿ ಹೇಳಿಲ್ಲ.

ಅವತ್ತು ಮನೆಗೆ ಬಂದವಳೇ ಕೂತು ಎರಡು ಪುಟ ಬರೆದೆ. ಮೂರು ವರ್ಷದ ಮೇಲೆ! ನಿನ್ನೆ ಮೇಡ್ಲೇರಿಯಿಂದ ಬೀಜ ಒಯ್ಯಲು ಬಂದವರು ನನ್ನನ್ನೇ ನೋಡಿ, “ಉಸಿರಾಡಿದ್ರ ಸಾಕು ಅಂದವ್ರು ನೀವ ಅಲ್ಲೇನ್ರಿ?” ಅಂದರು. ನಮ್ಮ ಮನೆಯವರು ಸುನೀಲಕುಮಾರರು ನನ್ನ ಸಂಕಲನ ಬಂದಾಗಲೂ ಹೀಗೆ ಉಬ್ಬಿರಲಿಲ್ಲ. ಸೆಪ್ಟೆಂಬರಿನಲ್ಲಿ ಗಣಪತಿ ಕಳಿಸಿದ ಮೇಲೆ ರಾಣೆಬೆನ್ನೂರಿನಲ್ಲಿ ದೊಡ್ಡ ಹಾಲ್ ಹಿಡಿದು ‘ಬಾಯಿಮಾತು’ ಮಾಡುತ್ತಾರಂತೆ. ಕೊನೆಗೆ ನಾನು, ಇದೇ ಕಥೆ.

ಸುಧಾ

*

ಬ್ಯಾಡಗಿ
24 ಜುಲೈ 2024

ಸುಧಾ,

ನೀನು ಮತ್ತೆ ಬರೆಯುತ್ತಿದ್ದೀಯಲ್ಲ, ಸಂತೋಷ. ಇದನ್ನು ಬರೀ ಬಾಯಿಮಾತಿಗೆ ಹೇಳುತ್ತಿಲ್ಲ.

ಆಡು ಇರಲಿಲ್ಲ.

ಒಂದು ಕೇಳಲೇ? ಆ ಕಥೆಯಲ್ಲಿ ನಮ್ಮ ಅಬ್ಬಾ ಎಲ್ಲಿದ್ದಾರೆ? ‘ಉಸಿರಾಡಿದ್ರ ಸಾಕು’ ಅಂದದ್ದು ಯಾರು ಅಂತ ಹೇಳಿದೆ?

ಪರೀಕ್ಷೆಯ ಪೇಪರುಗಳಿವೆ, ಇಷ್ಟೇ.

ಶಬನಮ್

*

ರಾಣೆಬೆನ್ನೂರು
29 ಜುಲೈ 2024

ಶಬನಮ್,

ನನ್ನ ಕಥೆ ಕೆಟ್ಟಲ್ಲಿಗೇ ನಿನ್ನ ಬೆರಳು ಹೋಗುತ್ತದೆ, ಇವತ್ತಿನದಲ್ಲ ಈ ಚಾಳಿ. ಹೌದು, ಅಬ್ಬಾರನ್ನು ಬಿಟ್ಟೆ. ಬರೆಯುವಾಗ ಎಷ್ಟು ಜನರನ್ನಾದರೂ ತರಬಹುದು, ಓದುವವರು ಹಿಂದಿನ ಪುಟ ತಿರುವಿ ನೋಡಿಕೊಳ್ಳುತ್ತಾರೆ. ಹೇಳುವಾಗ ಹಾಗಲ್ಲ. ಮಂದಿ ಹೆಚ್ಚಾದರೆ ಕೇಳುವವರಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ಮಂಚದ ಮೇಲೆ ಇನ್ನೊಬ್ಬರನ್ನು ಕೂರಿಸಿ, ಅವರಾರು ಅಂತ ಹೇಳುವಷ್ಟರಲ್ಲಿ ನಗು ಆರಿಹೋಗುತ್ತದೆ.

ಆ ಮಾತು ನನ್ನದೇ ಅಲ್ಲವೇ? ನನಗೆ ಹಾಗೇ ನೆನಪು. ನಾನು ನಕ್ಕು ನಕ್ಕು ಅಲ್ಲೇ ನೆಲದ ಮೇಲೆ ಕೂತದ್ದಂತೂ ಚೆನ್ನಾಗಿ ನೆನಪಿದೆ. ‘ನಾನು’ ಅಂತ ಹೇಳುವ ಕಥೆಯಲ್ಲಿ ಒಳ್ಳೆಯ ಮಾತು ‘ನಾನು’ ಆಡಿದರೇ ಕೂಡುತ್ತದೆ, ಇದು ಹೊಸದಾಗಿ ಕಲಿತದ್ದು. ನಿನಗೆ ಆ ಜಾಗ ತೀರಾ ಚಪ್ಪಾಳೆಗೆ ಕಟ್ಟಿದ ಹಾಗೆ ಅನಿಸಿತೇ? ಹಾಗಿದ್ದರೆ ಅಮ್ಮಿಯ ಮಾತಾದ ಮೇಲೆ ಇನ್ನೊಂದಿಷ್ಟು ತಡೆದು ಹೇಳುತ್ತೇನೆ.

ನೀನು ಬರಲೇಬೇಕು. ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡುತ್ತೇನೆ.

ಸುಧಾ

*

ಬ್ಯಾಡಗಿ
19 ಆಗಸ್ಟ್ 2024

ಸುಧಾ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ರಾಣೆಬೆನ್ನೂರಿನಲ್ಲಿ ಆ ಕಥೆ ಹೇಳಬೇಡ. ಬೇರೆ ಯಾವುದಾದರೂ ಹೇಳು, ನಿನ್ನ ಹತ್ತಿರ ಬೇಕಾದಷ್ಟಿವೆ. ಕಾರಣ ಈಗ ಬರೆಯಲಾರೆ. ನಾನು ಕೇಳಿದೆ ಅಂತ ಇಷ್ಟು ಮಾಡು.

ಶಬನಮ್

*

ರಾಣೆಬೆನ್ನೂರು
23 ಆಗಸ್ಟ್ 2024

ಶಬನಮ್,

ಕಾರಣ ಬರೆಯಲಾರೆ ಅಂದರೆ ನಾನೇ ಊಹಿಸಬೇಕಾಗುತ್ತದೆ. ನಿಮ್ಮ ಬಳಗದವರು ಯಾರಾದರೂ ಮನೆಯ ಮಾತು ಬಯಲಿಗೆ ಬಂತು ಅಂದರೇ? ಹೆಸರನ್ನೇ ಹೇಳದ ಮೇಲೆ ಬಯಲಾದದ್ದೇನು? ಅಥವಾ ನಿನಗೇ ಸರಿಬರಲಿಲ್ಲವೇ? ಕಾಲೇಜಿನಲ್ಲಿ ನೀನು ನನಗಿಂತ ಚೆನ್ನಾಗಿ ಬರೆಯುತ್ತಿದ್ದೆ. ಬಿಟ್ಟದ್ದು ನೀನು. ನನಗೆ ಒಂದು ಸಲ ಜನ ನಕ್ಕರೆ ಅದನ್ನೂ ತಿದ್ದಬೇಕೇ?

ಮೂರು ವರ್ಷ ಖಾಲಿ ಹಾಳೆಯ ಮುಂದೆ ಕೂತು ಎದ್ದವಳು ನಾನು. ಈ ಕಥೆ ಹೇಳಿದ ದಿನ ಕೈ ಓಡಿತು. ಇದನ್ನು ಬಿಟ್ಟರೆ ಮತ್ತೆ ನಿಂತುಹೋಗುತ್ತದೆ ಅಂತ ನನಗೆ ಖರೇ ಭಯವಿದೆ. ನಿನಗೆ ಅದು ಗೊತ್ತಿದ್ದೂ ಕೇಳುತ್ತಿದ್ದೀಯ.

ಬಾಗಿಲಲ್ಲಿ ಪೇಢೆ ಹಿಡಿದು ನಿಂತವಳು ನಾನು. ಅದು ನನಗೆ ಆದದ್ದು. ನಾನು ಹೇಳುತ್ತೇನೆ.

ಸುಧಾ

*

ಬ್ಯಾಡಗಿ
10 ಸೆಪ್ಟೆಂಬರ್ 2024

ಸುಧಾ,

ನಿನ್ನ ಕಾಗದಕ್ಕೆ ಸಿಟ್ಟು ಬಂದಿತ್ತು. ಇಷ್ಟು ದಿನ ಬರೆಯದಿದ್ದದ್ದು ಅದಕ್ಕೇ. ಈಗ ಸಿಟ್ಟಿಲ್ಲ, ಕೇಳು.

ಹಾವೇರಿಯಲ್ಲಿ ನೀನು ಹೇಳಿದ್ದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದು ಮುಸ್ಕಾನಳ ಕ್ಲಾಸಿನವರಿಗೆಲ್ಲ ಮುಟ್ಟಿತು. ಅವಳು ನಿನ್ನ ಗುರುತು ಹಿಡಿದು ಕುಣಿದಾಡಿಕೊಂಡು ಮನೆಗೆ ಬಂದು, “ನಾನಿ, ಇಲ್ಲಿ ಕೇಳು, ಇದು ನಮ್ಮ ಮನಿ ಕಥಿ” ಅಂತ ಅಮ್ಮಿಯ ಕಿವಿಯ ಹತ್ತಿರ ಹಿಡಿದಳು. ಅಮ್ಮಿ ನಗುತ್ತಲೇ ಕೇಳಿದಳು. ಆಡು ಬಂದಾಗ “ಸುಳ್ಳ ಹೇಳ್ತಾಳ ಹುಡುಗಿ” ಅಂತ ಖುಷಿಪಟ್ಟಳು. ಕೊನೆಯ ಮಾತು ಬಂದಾಗ ಮುಖ ಬದಲಾಯಿತು. “ಅದು ಅವ್ರ ಮಾತು” ಅಂದಳು. ಎದ್ದು ಒಳಗೆ ಹೋದಳು.

ಆ ಮಾತು ನಿನ್ನದಲ್ಲ ಸುಧಾ. ಅಬ್ಬಾ ಆಡಿದ್ದು.

ಇನ್ನೊಂದನ್ನೂ ಹೇಳಬೇಕು. ಅವತ್ತು ಬೆಳಗಿನ ಗಾಡಿಗೆ ಅಬ್ಬಾ ಮತ್ತು ತಮ್ಮ ಮುಜಾಫರ ಹುಬ್ಬಳ್ಳಿಯಿಂದ ಬಂದಿದ್ದರು. ಅಬ್ಬಾರ ಎದೆಯ ಫೋಟೋ ನೋಡಿ ಅಲ್ಲಿಯ ಡಾಕ್ಟರು, ಇನ್ನು ಮಾಡುವಂಥದ್ದೇನೂ ಉಳಿದಿಲ್ಲ ಅಂದಿದ್ದರು. ನೀನು ಬಾಗಿಲಿಗೆ ಬಂದಾಗ ನಾವು ಖರೇನೇ ಅಳುತ್ತಿದ್ದೆವು. ನಿನ್ನ ಕೈಯಲ್ಲಿ ಡಬ್ಬಿ ನೋಡಿ ಅಮ್ಮಿ ಉರ್ದುವಿನಲ್ಲಿ ಪಿಸುಗುಟ್ಟಿದಳು: ಹುಡುಗಿ ಸಿಹಿ ತಂದಿದೆ, ಅದರ ಮುಂದೆ ಯಾರೂ ಅಳಬೇಡಿ. ಸುಗ್ಗಿಯ ಕಾಲ, ಅಂಗಳದ ತುಂಬ ತೊಟ್ಟು ಬಿಡಿಸುವ ಮೆಣಸಿನಕಾಯಿ. ಬೇರೆ ಊರಿನಲ್ಲಾದರೆ ಏನಾದರೂ ನೆಪ ಹುಡುಕಬೇಕಿತ್ತು. ಬ್ಯಾಡಗಿಯಲ್ಲಿ ಘಾಟು ಅಂದರೆ ಯಾರು ಸಂಶಯಪಡುತ್ತಾರೆ? ನೀನೂ ಪಡಲಿಲ್ಲ. ಅಷ್ಟರಲ್ಲಿ ಮಂಚದ ಮೇಲೆ ಮಲಗಿದ್ದ ಅಬ್ಬಾ ಎದ್ದು ಕೂತು, ಕೆಮ್ಮಿಕೊಂಡು, ಆ ಮಾತು ಆಡಿದರು. ನೀನು ನಕ್ಕು ನೆಲದ ಮೇಲೆ ಕೂತೆ. ನಿನ್ನನ್ನು ನೋಡಿ ಅಬ್ಬಾ ನಕ್ಕರು. ಆಮೇಲೆ ನಿನ್ನ ಕಥೆಯನ್ನು ನಿನ್ನ ಬಾಯಿಂದಲೇ ಓದಿಸಿದರು, ನೆನಪಿದೆಯೇ? ಪೂರ್ತಿ ಕೂತು ಕೇಳಿದರು. ಆ ವರ್ಷದ ರಂಜಾನ್ ಅವರಿಗೆ ಸಿಗಲಿಲ್ಲ.

ಅಬ್ಬಾ ಹೋದ ಮೇಲೆ ನೀನು ಮಾತಾಡಿಸಲು ಬಂದಾಗ ಹೇಳಬೇಕೆಂದುಕೊಂಡೆ. ಆ ದಿನದ ಬಗ್ಗೆ ನೀನೇ ಎಷ್ಟೊಂದು ಖುಷಿಯಿಂದ ಮಾತಾಡಿದೆ, ಆಗಲಿಲ್ಲ. ಆಮೇಲೆ ಹೇಳಲು ಒಂದು ದಿನ ಅಂತ ಬರಲೇ ಇಲ್ಲ. ಮುಸ್ಕಾನಳಿಗೂ ಈಗಲೇ ಗೊತ್ತಾದದ್ದು.

ನನಗೇ ಸರಿಬರಲಿಲ್ಲವೇ ಅಂದೆಯಲ್ಲ, ಹೊಟ್ಟೆಕಿಚ್ಚು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಾಗಿ ಬರೆದದ್ದಲ್ಲ.

ಶಬನಮ್

*

ರಾಣೆಬೆನ್ನೂರು
13 ಸೆಪ್ಟೆಂಬರ್ 2024

ಶಬನಮ್,

ಅಂಗಡಿಯಲ್ಲಿ ನಿಂತೇ ಓದಿದೆ. ಸುನೀಲಕುಮಾರರು ಏನಾಯಿತು ಅಂತ ಕೇಳಿದಾಗ ಕಾಗದವನ್ನೇ ಅವರ ಕೈಗೆ ಕೊಟ್ಟೆ. ನಾಚಿಕೆಯಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ ದುಃಖವಾಗುತ್ತಿದೆ, ಇಷ್ಟು ವರ್ಷ ತಡವಾಗಿ. ನಾನು ನಕ್ಕ ದಿನವೆಂದು ನೆನೆಸಿಕೊಂಡು ಖುಷಿಪಟ್ಟಾಗಲೆಲ್ಲ ನಿನಗೆ ಏನಾಗಿರಬೇಕು? ನಿನ್ನ ಬಗ್ಗೆ ಬರೆದ ಆ ಮಾತುಗಳನ್ನು ಮರೆತುಬಿಡು. ಮರೆಯದಿದ್ದರೂ ಸರಿ, ನನ್ನನ್ನು ಬಿಡಬೇಡ.

ನಿನಗೆ ಹೇಳದೆ ಇರಲಾರೆ, ಆ ಮಾತು ನನ್ನ ಬಾಯಿಗೆ ಹೇಗೆ ಬಂತು ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಕದಿಯಬೇಕೆಂದು ಕದ್ದದ್ದಲ್ಲ. ಅಷ್ಟು ಹಿಡಿಸಿದ ಮಾತು ಒಳಗೇ ಇದ್ದು ಇದ್ದು ನನ್ನ ದನಿಯದೇ ಆಗಿಬಿಟ್ಟಿತೋ ಏನೋ. ಬರೆದಿದ್ದರೆ ಕಾಗದದ ಮೇಲೆ ‘ಅಂದರು’ ಅಂತ ಹಾಕಲು ಕೈ ತಡೆಯುತ್ತಿತ್ತು, ಯಾರು ಅಂದರು ಅಂತ ಕೇಳುತ್ತಿತ್ತು. ಬಾಯಿ ಏನನ್ನೂ ಕೇಳಲಿಲ್ಲ.

ಶಶಿಕಾಂತನಿಗೆ ಫೋನ್ ಮಾಡಿ ನಾನು ಹೇಳುವುದಿಲ್ಲ ಅಂದೆ. “ಮೇಡಂ, ಪೋಸ್ಟರ್ ಅಚ್ಚಾಗೇತ್ರಿ!” ಅಂತ ಕೂಗಾಡಿದ. ಕೂಗಾಡಲಿ. ಆ ಕಥೆ ನಿನ್ನದು. ಹೇಳುವುದಿದ್ದರೆ ನೀನು ಹೇಳು.

ಸುಧಾ

*

ಬ್ಯಾಡಗಿ
17 ಸೆಪ್ಟೆಂಬರ್ 2024

ಸುಧಾ,

ನೀನು ಹೇಳುವುದಿಲ್ಲ ಅಂದದ್ದು ಅಮ್ಮಿಗೆ ಗೊತ್ತಾಯಿತು. ಬೈಗಳು ನನಗೆ.

“ಯಾರ ಬ್ಯಾಡ ಅಂದ್ರು ಆಕೀಗೆ? ನಾ ಅಂದೆನೇನು?”

“ಅಮ್ಮಿ, ನೀ ಎದ್ದು ಒಳಗ ಹೋದೆಲ್ಲ ಅವತ್ತು.”

“ಹೋದ್ನಿ. ಅವ್ರ ಮಾತು ಅವ್ರ ಬಾಯಾಗ ಇಲ್ಲಲ್ಲ ಅಂತ ಹೋದ್ನಿ. ಕಥಿ ಬ್ಯಾಡ ಅಂತ ಹೋಗಿಲ್ಲ. ಇಪ್ಪತ್ತ ವರ್ಷದಿಂದ ಮಂದಿ ಬಂದು ಅವ್ರ ಸತ್ತಿದ್ದ ಮಾತಾಡ್ತಾರ. ಅವ್ರ ನಗಿಸಿದ್ದು ಯಾರ ಮಾತಾಡ್ತಾರ? ಹೇಳ್ಲಿ ಆಕಿ. ಹೆಸರ ತಗೊಂಡ ಹೇಳ್ಲಿ.”

ನಾನು ಅಮ್ಮಿಯ ನೋವಿಗಾಗಿ ಅಂತ ನಿನ್ನನ್ನು ತಡೆದೆ. ಅವಳನ್ನು ಒಂದು ಮಾತು ಕೇಳಿಯೇ ಇರಲಿಲ್ಲ ನೋಡು.

ಅಮ್ಮಿ ತಾನೇ ಬಂದು ಕೇಳುತ್ತಾಳಂತೆ. ಮುಸ್ಕಾನ್ ಕರೆದುಕೊಂಡು ಬರುತ್ತಾಳೆ, ನನಗೆ ಆ ಭಾನುವಾರ ತರಬೇತಿ ಇದೆ, ತಪ್ಪಿಸಲಾಗದು. ಶಶಿಕಾಂತನಿಗೆ ಪೋಸ್ಟರ್ ಹಚ್ಚಲು ಹೇಳು. ಹುಬ್ಬಳ್ಳಿಯ ಮಾತು ಹೇಳುತ್ತೀಯೋ ಬಿಡುತ್ತೀಯೋ, ಅದು ನಿನಗೆ ಬಿಟ್ಟದ್ದು. ಏನು ಮಾಡುತ್ತೀ ಅಂತ ನನಗೂ ಕುತೂಹಲವಿದೆ.

ಶಬನಮ್

*

ರಾಣೆಬೆನ್ನೂರು
23 ಸೆಪ್ಟೆಂಬರ್ 2024

ಶಬನಮ್,

ಅಮ್ಮಿ ಮುಸ್ಕಾನ್ ಇಬ್ಬರೂ ರಾತ್ರಿ ಸುಖವಾಗಿ ಮನೆ ಮುಟ್ಟಿದರೆಂದು ತಿಳಿಯಿತು. ಮುಸ್ಕಾನ್ ಎಲ್ಲವನ್ನೂ ಹೇಳಿರುತ್ತಾಳೆ, ಆದರೂ ನನ್ನ ಕಡೆಯಿಂದ ಕೇಳು.

ಹಾಲ್ ತುಂಬಿತ್ತು. ಅಮ್ಮಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಅವರನ್ನು ನೋಡಿದ ಮೇಲೆ ಆಡು ಬಾಯಿಂದ ಹೊರಡಲಿಲ್ಲ, ಮುಗಿದ ಮೇಲೆ ಶಶಿಕಾಂತ ಬಂದು “ಆಡ ಎಲ್ಲಿ ಹೋತ್ರಿ ಮೇಡಂ?” ಅಂತ ಕೇಳಿದ. ಮಂಚ ಹಾಕಿದೆ. ಮಂಚದ ಮೇಲೆ ಅಬ್ಬಾರನ್ನು ಕೂರಿಸಿದೆ. “ಮಹಮ್ಮದಗೌಸ ಅಂತ, ಬ್ಯಾಡಗ್ಯಾಗ ಮೆಣಸಿನಕಾಯಿ ವ್ಯಾಪಾರ ಮಾಡ್ತಿದ್ರು” ಅಂತ ಹೆಸರು ಹೇಳಿದೆ. ಹಿಂದಿನಿಂದ ಒಬ್ಬರು, “ಹೌದ್ರಿ, ಗೌಸಸಾಬ್ರು, ನಾ ಬಲ್ಲೆ!” ಅಂತ ಕೂಗಿದರು. ನಗು ಆರಲಿಲ್ಲ ಶಬನಮ್. ಇನ್ನೊಬ್ಬರು ಬಂದರೆ ಕಥೆ ಜೋಲುತ್ತದೆ ಅಂತ ಬರೆದಿದ್ದೆನಲ್ಲ, ಅದು ತಪ್ಪು. ಆ ಮಾತು ಅವರು ಆಡಿದಾಗ ಹಾವೇರಿಗಿಂತ ದುಪ್ಪಟ್ಟು ನಕ್ಕರು.

ಹುಬ್ಬಳ್ಳಿಯ ಮಾತು ಹೇಳಲಿಲ್ಲ. ಶಶಿಕಾಂತನ ಕಟ್ಟಳೆ ಇದೆಯಲ್ಲ, ನಮಗೆ ಆದದ್ದಷ್ಟೇ ಹೇಳಬೇಕು ಅಂತ. ಅವತ್ತು ನನಗೆ ಆದದ್ದು ನಗು ಮಾತ್ರ. ಉಳಿದದ್ದು ನಿಮಗೆ ಆದದ್ದು. ಅದನ್ನು ಹೇಳಿ ಜನರ ಕಣ್ಣಲ್ಲಿ ನೀರು ತರಿಸುವುದು ಸುಲಭವಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಬಿಟ್ಟೆ.

ಅವರೆಲ್ಲ ನಗುವಾಗ ಅಮ್ಮಿ ನನ್ನ ಕಡೆ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತು, ನಗುತ್ತಿದ್ದ ಜನರನ್ನು ನೋಡುತ್ತಿದ್ದರು. ನಾನು ಇಳಿದು ಬರುವವರೆಗೂ ಹಾಗೇ ಕೂತಿದ್ದರು.

ಆಮೇಲೆ ನಮ್ಮ ಮನೆಗೆ ಬಂದು ಚಹಾ ಕುಡಿದೆವು. ಮುಸ್ಕಾನ್ ಆಟೋ ಕರೆಯಲು ಹೊರಗೆ ಹೋದಳು. ಅಮ್ಮಿ ಚಹಾದ ಬಸಿ ಕೆಳಗಿಟ್ಟು ನನ್ನ ಕೈ ಹಿಡಿದರು.

“ಸುಧಾ, ಇನ್ನೊಂದ ಸಲ ಹೇಳವಾ.”

ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನಾನು ಬಾಗಿಲಿಂದ ಶುರು ಮಾಡಿದೆ. ಅವರು ತಲೆ ಅಲ್ಲಾಡಿಸಿದರು.

“ಪೂರಾ ಬ್ಯಾಡ. ಅವ್ರ ಮಾತಾಡ್ತಾರಲ್ಲ, ಅಷ್ಟ ಹೇಳು.”

ಹೇಳಿದೆ. ಆಟೋ ಬಂದು ನಿಂತಿತ್ತು, ಮುಸ್ಕಾನ್ ಕರೆಯುತ್ತಿದ್ದಳು. ಅಮ್ಮಿ ನನ್ನ ಕೈ ಬಿಡಲಿಲ್ಲ.

“ಇನ್ನೊಮ್ಮೆ” ಅಂದರು.

ಸುಧಾ